ಎಂಜಿನ್ನಿಗೆ ಹರಳೆಣ್ಣೆ ತರಲು ಹೋದದ್ದು

ಯುದ್ಧದ ಕಾಲ. ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಎರಡು ಖಾಲಿ ಡಬ್ಬ ಹಿಡಿದು ಮಾಲೂರಿನಲ್ಲಿ ಕೋಲಾರದ ಬಸ್ಸು ಹತ್ತಿದೆ. ಪೆಟ್ರೋಲ್ ಸಿಗದೆ ಬಸ್ಸುಗಳೆಲ್ಲ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ದೊಡ್ಡ ಮಾತು, ದಿಣ್ಣೆ ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕಿತ್ತು. ಆರಾಣೆ ಕೊಟ್ಟು, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಕೋಲಾರ ಸೇರಿದೆ.

ಡಬ್ಬ ಯಾಕೆಂದರೆ, ನಮ್ಮ ಯಜಮಾನರು ವಿಮಾನದ ಎಂಜಿನ್ ಮಾಡುತ್ತಿದ್ದರು. ನಗಬೇಡಿ, ನಾನೇ ಬೇಕಾದಷ್ಟು ನಕ್ಕಿದ್ದೇನೆ. ರೈಲ್ವೆ ವರ್ಕ್‌ಶಾಪಿನ ಕೆಲಸ ಬಿಟ್ಟು ಬಂದು, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಅದರ ಜೊತೆಯೇ ಸಂಸಾರ. ನಡುವೆ ಗುಂಡನೆಯ ಒಂದು ಪೆಟ್ಟಿಗೆ, ಅದರ ಸುತ್ತ ಹೂವಿನ ಎಸಳಿನ ಹಾಗೆ ಐದು ಸಿಲಿಂಡರು. ತಣ್ಣಗಾಗಲು ಗಾಳಿಯೇ ಸಾಕು, ನೀರು ಬೇಡ. ಎಣ್ಣೆ ಮಾತ್ರ ಬೇಕೇ ಬೇಕು. ಪೆಟ್ರೋಲಿನಲ್ಲಿ ಕರಗಿ ತೆಳ್ಳಗಾಗದ ಎಣ್ಣೆ ಎಂದರೆ ಹರಳೆಣ್ಣೆ ಎಂದು ಅವರ ಲೆಕ್ಕಾಚಾರ. ಅಂಗಡಿಯ ಹರಳೆಣ್ಣೆ ಹಾಕಿ ಓಡಿಸಿದರೆ ಸ್ವಲ್ಪ ಹೊತ್ತಿಗೇ ಕೆಳಗಿನ ಪಿಸ್ಟನ್ ಅಂಟು ಹಿಡಿದು ನಿಂತುಬಿಟ್ಟಿತು. ನಮ್ಮ ಕಡೆ ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಬೇಯಿಸಿ ಎಣ್ಣೆ ತೆಗೆಯುತ್ತಾರಲ್ಲ, ಆ ನೀರಿನ ಪಸೆಯೇ ಶತ್ರು ಎಂದರು. ಹಸಿ ಹರಳನ್ನೇ ಗಾಣಕ್ಕೆ ಹಾಕಿಸಿ ತರಬೇಕು ಎಂದು ನನ್ನನ್ನು ಮುಳಬಾಗಿಲಿನ ತವರಿಗೆ ಅಟ್ಟಿದರು.

ಹೊರಡುವಾಗ ತಲೆಯೆತ್ತಿ ನೋಡಲೂ ಇಲ್ಲ. ವಾಲ್ವು ಉಜ್ಜುತ್ತಲೇ "ಹುಷಾರು" ಅಂದರು. ನನಗೆ ಹೇಳಿದರೋ ಡಬ್ಬಕ್ಕೆ ಹೇಳಿದರೋ ಗೊತ್ತಾಗಲಿಲ್ಲ. ಈ ಮನುಷ್ಯನಿಗೆ ಬೇಕಾದದ್ದು ಎಣ್ಣೆಯೇ ಹೊರತು ನಾನಲ್ಲ ಎಂದು ಹೊಟ್ಟೆ ಉರಿಯಿತು. ತವರಿನಲ್ಲೇ ಉಳಿದುಬಿಡೋಣ ಎಂದು ಅರ್ಧ ಮನಸ್ಸು ಮಾಡಿಕೊಂಡೇ ಬಸ್ಸು ಹತ್ತಿದ್ದೆ.

ಹರಳು ಕೊಳ್ಳಲು ಕೋಲಾರದಿಂದ ಸಣ್ಣ ರೈಲಿನಲ್ಲಿ ಮೊದಲು ಶ್ರೀನಿವಾಸಪುರಕ್ಕೆ ಹೋದೆ. ಎಲ್ಲಿ ನೋಡಿದರೂ ಮಾವಿನಕಾಯಿಯ ಗುಡ್ಡೆ, ಸೊನೆಯ ವಾಸನೆ. ಮಂಡಿಯಲ್ಲಿ ಒಂದು ಮೂಟೆ ಹರಳು ಕೊಂಡಾಗ ಅಂಗಡಿಯವನು ಗಾಬರಿಯಾಗಿ, ಮನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿದ. ಮಕ್ಕಳಿಗಲ್ಲಪ್ಪಾ, ಹೊಟ್ಟೆ ಕಟ್ಟಿಕೊಂಡು ಕೂತಿರುವ ಎಂಜಿನ್ನಿಗೆ ಎಂದೆ. ಅವನು ತೂಕ ಹಾಕುವುದನ್ನೂ ಬಿಟ್ಟು ನಕ್ಕ. ಸಂಜೆಯ ಬಸ್ಸಿನಲ್ಲಿ ಮುಳಬಾಗಿಲು ಮುಟ್ಟಿದೆ.

ತವರಿನಲ್ಲಿ ಇದ್ದದ್ದು ಅಮ್ಮ ಮತ್ತು ಸ್ಕೂಲು ಮೇಷ್ಟರಾಗಿದ್ದ ಅಣ್ಣ. ನಾನು ಕೈಕಾಲು ತೊಳೆಯುವಷ್ಟರಲ್ಲೇ ಅಣ್ಣ ಮಾತು ತೆಗೆದ.

"ನಿನ್ನ ಗಂಡ ಒಂದು ಕೆಲ್ಸಕ್ಕೆ ಸೇರೋ ತನಕ ಇಲ್ಲೇ ಇದ್ಬಿಡು. ಎಣ್ಣೇನ ಬಸ್ಸಲ್ಲಿ ಕಳಿಸಿದ್ರಾಯ್ತು."

ಗಾಣದವನು ನಾಳೆ ಸಿಗುತ್ತಾನಾ ಎಂದು ಕೇಳಿದೆ.

ಮಂಗಳವಾರವಿಡೀ ಗಾಣದ ಮುಂದೆ ಕೂತೆ. ಹಸಿ ಹರಳು ಎಣ್ಣೆ ಬಿಡುವುದೇ ಕಡಿಮೆ, ಎತ್ತಿಗೂ ಗಾಣದವನಿಗೂ ಸಾಕಾಗಿಹೋಯಿತು. ಎರಡು ಡಬ್ಬ ತುಂಬಿದ ಮೇಲೆ ಮನೆಗೆ ಬಂದು ರಾಗಿಮುದ್ದೆ, ಮಸ್ಸೊಪ್ಪು ಉಂಡು ಸತ್ತವಳ ಹಾಗೆ ಮಲಗಿದೆ.

ಬುಧವಾರ ಏಳುವಾಗ ಮನೆಯೆಲ್ಲ ಹರಳೆಣ್ಣೆ ಘಾಟು. ಅಮ್ಮ ಬೆಳಗಿನ ಜಾವವೇ ಎದ್ದು, ಎರಡು ಡಬ್ಬದ ಎಣ್ಣೆಯನ್ನೂ ದೊಡ್ಡ ಪಾತ್ರೆಗೆ ಸುರಿದು, ನೀರು ಬೆರೆಸಿ, ವೀಳ್ಯದೆಲೆ ಹಾಕಿ ಕುದಿಸುತ್ತಿದ್ದಳು. ನನ್ನನ್ನು ಕಂಡು ಹೆಮ್ಮೆಯಿಂದ ಹೇಳಿದಳು:

"ಹಸೀ ಎಣ್ಣೆ ಕೊಟ್ಟು ಕಳಿಸಿದ್ರೆ ಅಳಿಯಂದ್ರು ಏನಂದ್ಕೋತಾರೆ ಅಮ್ಮಾಯಿ? ಹದವಾಗಿ ಕಾಯಿಸ್ತಿದ್ದೀನಿ."

ಒಲೆಯ ಮುಂದೆ ಕುಸಿದು ಕೂತು ಗೊಳೋ ಎಂದು ಅತ್ತೆ. ಉಳಿದುಬಿಡೋಣ ಎಂದು ಬಂದವಳು ನಾನು, ಎಂಜಿನ್ ಓಡಿದರೆಷ್ಟು ಬಿಟ್ಟರೆಷ್ಟು ಅನ್ನಬೇಕಿತ್ತು. ಆದರೆ ಪಿಸ್ಟನ್ ಮತ್ತೆ ಅಂಟಿಕೊಂಡು, ಅವರು ಆ ಶೆಡ್ಡಿನಲ್ಲಿ ಒಬ್ಬರೇ ತಲೆಯ ಮೇಲೆ ಕೈಹೊತ್ತು ಕೂತಿರುವುದು ಕಣ್ಣಿಗೆ ಕಟ್ಟಿತು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಅಳುತ್ತಲೇ ಅಮ್ಮನಿಗೆ ನೀರು, ಪಸೆ, ಪಿಸ್ಟನ್ ಎಲ್ಲ ಹೇಳಿದೆ. ಎಷ್ಟು ತಿಳಿಯಿತೋ, ಒಲೆಯಿಂದ ಕೊಳ್ಳಿ ಎಳೆದು, ಸೆರಗು ಸಿಕ್ಕಿಸಿಕೊಂಡು ಹೊರಗೆ ಹೊರಟಳು.

ಬೀದಿಯ ಒಂದೊಂದೇ ಮನೆಗೆ ಹೋಗಿ ಮಡಿಲು ಒಡ್ಡಿ ಹರಳು ಕೇಳಿ ತಂದಳು. ಬಾಣಂತಿಯಿದ್ದ ಒಂದು ಮನೆಯವರೂ ತಮಗೆಂದು ಇಟ್ಟುಕೊಂಡದ್ದರಲ್ಲಿ ಒಂದು ಸೇರು ಕೊಟ್ಟರಂತೆ. ಗಾಣದ ಹತ್ತಿರ ತಾನೇ ನಿಂತು, ನೀರಿನ ಚೊಂಬು ಹಿಡಿದವರನ್ನು ಆ ಕಡೆಗೇ ಸುಳಿಯಗೊಡಲಿಲ್ಲ. ಸಂಜೆಗೆ ಒಂದು ಡಬ್ಬ ತುಂಬಿತು. ಬುಧವಾರ ಬರುತ್ತೇನೆಂದು ಮಾಲೂರಿನಲ್ಲಿ ಹೇಳಿದ್ದೆ, ಆ ದಿನ ಹಾಗೇ ಕಳೆದುಹೋಯಿತು.

ಗುರುವಾರ ಬೆಳಿಗ್ಗೆ ಅಣ್ಣ ಡಬ್ಬ ಎತ್ತಿಕೊಂಡು, ತಾನೇ ಬಸ್ಸಿಗೆ ಹಾಕಿ ಬರುವುದಾಗಿ ಹೇಳಿದ.

"ಬೇಡಣ್ಣ, ನಾನೇ ತಗೊಂಡ್ ಹೋಗ್ತೀನಿ," ಅಂದೆ.

ಅವನು ನನ್ನ ಮುಖ ನೋಡಿದ. ತೆಂಗಿನ ಹುರಿ ತಂದು ಡಬ್ಬದ ಮುಚ್ಚಳವನ್ನು ಬಿಗಿಯಾಗಿ ಕಟ್ಟಿದ. ಅಮ್ಮ ಬುತ್ತಿ ಕೊಟ್ಟಳು. ತಾನು ಕುದಿಸಿದ ಎಣ್ಣೆಯನ್ನೂ ಒಂದು ಸೀಸೆಯಲ್ಲಿ ಕೊಟ್ಟು, ಇದು ಅಳಿಯಂದಿರ ತಲೆಗೆ, ಕಣ್ಣು ತಂಪಾಗಲಿ ಎಂದಳು.

ಕೋಲಾರದಲ್ಲಿ ಬಸ್ಸು ಬದಲಿಸಿದೆ. ದಾರಿಯಲ್ಲಿ ಮೂರು ಕಡೆ ಅದನ್ನು ತಳ್ಳಿದ್ದಾಯಿತು. ಬಿಸಿಲಿಗೆ ಡಬ್ಬ ಕಾದು ಮಡಿಲು ಸುಡುತ್ತಿದ್ದರೂ ಕೆಳಗಿಡಲು ಮನಸ್ಸಾಗಲಿಲ್ಲ. ಮಾಲೂರು ಸೇರುವಾಗ ಹೊತ್ತು ಮುಳುಗಿತ್ತು.

ಬಸ್ಸು ನಿಲ್ಲುವ ಕಡೆ ಹುಣಸೆ ಮರದ ಕೆಳಗೆ ನಮ್ಮ ಯಜಮಾನರು ಕೂತಿದ್ದರು. ಹಬ್ಬ ಬಂದರೂ ಶೆಡ್ಡು ಬಿಟ್ಟು ಬಾರದವರು. ನಿನ್ನೆ ಮಧ್ಯಾಹ್ನದಿಂದ ಬಂದ ಬಸ್ಸನ್ನೆಲ್ಲ ನೋಡ್ತಾ ಇಲ್ಲೇ ಇದ್ದಾರಮ್ಮ ಎಂದು ಕಾಫಿ ಹೋಟೆಲಿನವನು ಹೇಳಿದ. ಅವರು ಎದ್ದು ಬಂದು ಡಬ್ಬ ತೆಗೆದುಕೊಂಡರು. ಅದರ ಕಡೆ ನೋಡಲಿಲ್ಲ, ನೆಲಕ್ಕಿಟ್ಟರು.

"ನೀನು ಬರೋದಿಲ್ಲ ಅಂದ್ಕೊಂಡೆ ಕಣೇ," ಅಂದರು.

ಎಂಜಿನ್ ಹೇಗಿದೆ ಎಂದು ಕೇಳಿದೆ.

"ನೀನು ಹೋದ್ಮೇಲೆ ಮುಟ್ಟಿಲ್ಲ."