ಎರರ್ ಚಿಕ್ಕಮ್ಮ
ಆಫೀಸಿನಲ್ಲಿ ಯಾರು ಬರೆದ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಟ್ಟ ಆಜ್ಞೆಗಳ ಪಟ್ಟಿ, ಮುಗ್ಗರಿಸಿದರೂ ಮೊದಲು ಕುರ್ಚಿ ಬಿಟ್ಟು ಏಳುವವಳು, ಎಲ್ಲರೂ ಎರರ್ ಚಿಕ್ಕಮ್ಮ ಎಂದೇ ಕರೆಯುವ ಹಿರಿಯ ಸಹೋದ್ಯೋಗಿ. ಬರೆದವರು ತಲೆಯ ಮೇಲೆ ಕೈಹೊತ್ತು ಕೂರುವ ಹೊತ್ತಿಗೆ ಇವಳ ಮುಖ ಮಗು ಹುಟ್ಟಿದ ಸುದ್ದಿ ಕೇಳಿದವಳಂತೆ ಅರಳಿರುತ್ತದೆ. "ಎರರ್ ಬಂತಾ? ಅಳಿಸಬೇಡ್ರೋ, ಜೋರಾಗಿ ಓದ್ರೋ!" ಎನ್ನುತ್ತ ಚಹಾ ಲೋಟದ ಸಮೇತ ಓಡಿ ಬರುತ್ತಾಳೆ. ಕಟ್ಟಕಡೆಯ ಸಾಲಿನಲ್ಲಿ ತಪ್ಪಿದೆಯೆಂದು ಕಂಪ್ಯೂಟರ್ ದೂರಿದರೆ ಇವಳ ಬೆರಳು ಮಾತ್ರ ಸರಸರ ಮೇಲಕ್ಕೇರುತ್ತದೆ. "ಅಳೋದು ಅಲ್ಲಿ, ಪೆಟ್ಟು ಬಿದ್ದಿರೋದು ಇಲ್ಲಿ! ಲೂಪ್ ಶುರು ಮಾಡಿ, ಅದು ಮುಗೀತು ಅನ್ನೋ 'ಡನ್' ಹಾಕೋದೇ ಮರ್ತಿದ್ದೀಯಲ್ಲೋ, ಬಾಗಿಲು ತೆಗೆದಿಟ್ಟು ಊರಿಗೆ ಹೋದ ಹಾಗೆ!" ಕೂಡುವ ಲೆಕ್ಕದಲ್ಲಿ ಒಂದು ಬ್ರಾಕೆಟ್ ಬಿಟ್ಟುಹೋಗಿದ್ದರಂತೂ ಲೋಟವನ್ನು ಪಕ್ಕದವರ ಕೈಗಿತ್ತು ಚಪ್ಪಾಳೆ ತಟ್ಟುತ್ತಾಳೆ. ತಿದ್ದುವುದು ಬರೆದವರೇ; ಇವಳು ಕೀಬೋರ್ಡ್ ಮುಟ್ಟಿದ್ದನ್ನು ಕಂಡವರಿಲ್ಲ. "ಕಂಪ್ಯೂಟರ್ ಹತ್ರ ಬೈಸ್ಕೊಳ್ಳೋದ್ರಲ್ಲಿ ಅದೇನು ಖುಷಿ ಚಿಕ್ಕಮ್ಮಾ?" ಎಂದು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಮ್ಮೆ ಕೇಳಿಯೇಬಿಟ್ಟಳು. ಚಿಕ್ಕಮ್ಮ ಪರದೆಯ ಮೇಲಿನ ಎರರ್ ಸಾಲನ್ನು ಮಗುವಿನ ಕೆನ್ನೆಯಂತೆ ಸವರಿದಳು. "ಎಲ್ಲಿ ತಪ್ಪಾಯ್ತು ಅಂತ ಇದು ಬಾಯಿಬಿಟ್ಟು ಹೇಳುತ್ತಲ್ಲೇ! ನಮ್ಮಕ್ಕ ನನ್ನ ಹತ್ರ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ನಾನು ಆಡಿದ ಯಾವ ಮಾತಿಗೆ ಅಂತ ಇವತ್ತಿಗೂ ಹೇಳಿಲ್ಲ."