ಹಿಂದೆ ಕಟ್ಟಿದರೆ ಒಂಬತ್ತು

ಎಡಗಾಲಿಗೆ ಹವಾಯಿ ಚಪ್ಪಲಿ, ಬಲಗಾಲು ಬರಿಗಾಲು. ಗೋಪಾಳದ ನಮ್ಮ ಬೀದಿಯಲ್ಲಿ ಪಿಕಪ್ ಗಾಡಿಯ ಬಾಗಿಲು ತೆರೆದರೆ ಮೊದಲು ನೆಲಕ್ಕೆ ಇಳಿಯುತ್ತಿದ್ದುದು ಆ ಬರಿಗಾಲು. ಹೆಬ್ಬೆರಳು ಅಗಲ, ಹಿಮ್ಮಡಿ ಬಿರುಕು, ಅಂಗಾಲು ಮಾತ್ರ ಪೆಡಲ್ಲಿಗೆ ಉಜ್ಜಿ ಉಜ್ಜಿ ನುಣ್ಣಗೆ ಕರ್ರಗೆ ಹೊಳೆಯುತ್ತಿತ್ತು. ಬಲಗಾಲಿನ ಚಪ್ಪಲಿ ಸೀಟಿನ ಕೆಳಗೆ ಹೊಸದಾಗಿಯೇ ಮಲಗಿರುತ್ತಿತ್ತು. ಎಡಗಾಲಿನದು ಸವೆದು ಹರಿದುಹೋದರೂ ಬಲಗಾಲಿನದಕ್ಕೆ ವಯಸ್ಸೇ ಆಗುತ್ತಿರಲಿಲ್ಲ.

"ಡೀಸೆಲ್ಲು ಅಂಗಾಲಿಗೆ ಗೊತ್ತಾಗ್ಬೇಕು ತಂಗ್ಯಮ್ಮ. ಚಪ್ಪಲಿ ಹಾಕ್ಕೊಂಡ್ರೆ ಚಪ್ಪಲಿಗೆ ಗೊತ್ತಾಗುತ್ತೆ, ನಂಗೇನ್ ಬಂತು?" ಅನ್ನುತ್ತಿದ್ದ.

ನಾವೆಲ್ಲ ಅವನನ್ನು ಕರೆಯುತ್ತಿದ್ದುದು ಪಿಕಪ್ಪಣ್ಣ ಎಂದು. ನನ್ನ ಒಡಹುಟ್ಟಿದವನಲ್ಲ, ಪಕ್ಕದ ಮನೆಯವನು. ಆದರೂ ಬಾಯಿಗೆ ಏಕವಚನವೇ ಬರುತ್ತದೆ. ಅವನೇ ಹಾಗೆ ಕರೆಸಿಕೊಂಡವನು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಷ್ಟುದ್ದ ಯಾವತ್ತೂ ಬರೆದಿಲ್ಲ. ಆದರೆ ತೊಡೆಯ ಮೇಲೆ ಮೊಮ್ಮಗಳು ಮಲಗಿದ್ದಾಳೆ, ಇನ್ನೂ ತಿಂಗಳು ತುಂಬಿಲ್ಲ, ಬೀದಿಗೆಲ್ಲ ಸಕ್ಕರೆ ಹಂಚಿದರೂ ನನ್ನ ಸಂತೋಷ ಖಾಲಿಯಾಗುತ್ತಿಲ್ಲ. ಈ ಮಗು ಹೀಗೆ ನನ್ನ ತೊಡೆಗೆ ಬರುವುದಕ್ಕೆ ಆ ಬರಿಗಾಲೂ ಒಂದು ಕಾರಣ. ಅದನ್ನು ಹೇಳದೆ ಹೋದರೆ ನಾನು ಮನುಷ್ಯಳಲ್ಲ.

ನಮ್ಮದು ಕಬ್ಬಿನಹಾಲಿನ ಗಾಡಿ. ಎರಡು ಟೈರಿನ ಮೇಲೆ ಕಬ್ಬು ಅರೆಯುವ ಮಿಷನ್ನು, ಪಕ್ಕದಲ್ಲಿ ಅದನ್ನು ತಿರುಗಿಸುವ ಸಣ್ಣ ಇಂಜಿನ್ನು. ನಮ್ಮ ಯಜಮಾನರು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಭಾರ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು ಮನೆಗೆ ಬಂದ ಮೇಲೆ ಅದೇ ನಮಗೆ ಅನ್ನ. ಮೊದಲು ಶಿವಮೊಗ್ಗದಲ್ಲೇ ನಿಲ್ಲಿಸುತ್ತಿದ್ದೆವು. ರಸ್ತೆ ಅಗಲ ಮಾಡುವಾಗ ಆ ಜಾಗ ಹೋಯಿತು. ಭದ್ರಾವತಿಯಲ್ಲಿ ಕಾರ್ಖಾನೆಯೊಂದರ ಗೇಟಿನ ಹತ್ತಿರ ಬೇವಿನ ಮರದಡಿ ಜಾಗ ಸಿಕ್ಕಿತು. ಶಿಫ್ಟು ಬಿಟ್ಟರೆ ಜನ ಮುಗಿಬಿದ್ದು ಕುಡಿಯುತ್ತಿದ್ದರು. ಆದರೆ ಅಷ್ಟು ದೂರ ಮಿಷನ್ನು ಹೋಗುವುದು ಹೇಗೆ? ಅಲ್ಲೇ ಬಿಟ್ಟು ಬರೋಣವೆಂದರೆ, ಒಂದು ಸಲ ಬಿಟ್ಟಿದ್ದಕ್ಕೆ ಬೆಳಿಗ್ಗೆ ಇಂಜಿನ್ನಿನ ಬೆಲ್ಟೇ ಇರಲಿಲ್ಲ. ಯಜಮಾನರ ಸೊಂಟಕ್ಕೆ ಅದನ್ನು ಬೀದಿಯ ತಿರುವಿನ ತನಕ ಎಳೆಯುವುದೂ ಆಗದ ಮಾತು.

ಪಿಕಪ್ಪಣ್ಣನಿಗೆ ಮಾಚೇನಹಳ್ಳಿಯಿಂದ ಭದ್ರಾವತಿಗೆ ಎರಕದ ಸಾಮಾನು ಸಾಗಿಸುವ ಕೆಲಸ. ನಮ್ಮ ಪಂಚಾಯ್ತಿಯನ್ನು ಬೇಲಿಯಾಚೆಯಿಂದ ಕೇಳಿಸಿಕೊಂಡವನು ಮಾರನೆಯ ದಿನ ತನ್ನ ಗಾಡಿಯ ಹಿಂಬದಿಗೆ ಒಂದು ದಪ್ಪ ಕೊಕ್ಕೆ ವೆಲ್ಡಿಂಗ್ ಮಾಡಿಸಿಕೊಂಡು ಬಂದ.

"ಇದ್ಯಾಕಣ್ಣ?"

"ನಿನ್ನ ಮಿಷನ್ನಿಗೆ ಮೂಗುದಾರ. ತಗೊಂಬಾ, ಕಟ್ಟಣ."

"ಅಯ್ಯೋ, ನಿನ್ನ ಗಾಡಿಗೆ ಭಾರ ಆಗಲ್ವಾ?"

"ಹಿಂದೆ ಕಟ್ಟಿದ್ದು ಗೊತ್ತೇ ಆಗಲ್ಲ ಮಾರಾಯ್ತಿ. ಆನೆ ಬಾಲಕ್ಕೆ ನೊಣ ಕೂತಂಗೆ."

ನಾನು ನಂಬಿದೆ. ಅಂದಿನಿಂದ ದಿನಾ ಬೆಳಿಗ್ಗೆ ಮುಂದೆ ನಾವು, ಮೇಲೆ ಕಬ್ಬಿನ ಹೊರೆ, ಹಿಂದೆ ಮಿಷನ್ನು. ಮಿಷನ್ನಿನ ತುದಿಗೆ ನನ್ನ ಹಳೆಯ ಕೆಂಪು ಸೀರೆಯ ಸೆರಗು ಕಟ್ಟುತ್ತಿದ್ದ. ಹಿಂದೆ ಬರುವವರಿಗೆ ಕಾಣಲಿ ಅಂತ. ಸಂಜೆ ವಾಪಸು ಎಳೆದು ತಂದು ನಮ್ಮ ಅಂಗಳದಲ್ಲಿ ಬಿಡುತ್ತಿದ್ದ. ಗಾಡಿ ಓಡಿಸುವುದೋ, ಹಸುಗೂಸನ್ನು ತೊಟ್ಟಿಲಲ್ಲಿ ತೂಗುವುದೋ ಗೊತ್ತಾಗದಂತೆ ಓಡಿಸುತ್ತಿದ್ದ. ಬಿಸಿಲೇರುವ ಮುಂಚೆಯೇ ಟೈರಿನ ಗಾಳಿ ನೋಡುವುದು, ಟಾಪ್ ಗೇರಿಗೆ ಅವಸರವಿಲ್ಲದೆ ಹೋಗುವುದು, ಮುಂದಿನವನು ಬ್ರೇಕ್ ಹಾಕುತ್ತಾನೆಂದು ದೂರದಿಂದಲೇ ಕಂಡು ಕಾಲು ಎತ್ತುವುದು. ಬಸ್ಸಿನವರು ಹಾರ್ನ್ ಹೊಡೆದು ಬೈದರೆ ಕೈ ಆಡಿಸಿ ಮುಂದೆ ಬಿಡುತ್ತಿದ್ದ. "ಅವನಿಗೆ ಹಿಂದೆ ಏನೂ ಕಟ್ಟಿಲ್ಲ, ಪಾಪ, ಹೋಗ್ಲಿ." ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರೆ ಡೀಸೆಲ್ ಉಳಿಯುತ್ತದಂತಲ್ಲ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದರು. "ಡೀಸೆಲ್ ಉಳಿಯುತ್ತೆ ಭಾವ, ನಾವು ಉಳಿಯಲ್ಲ. ಹಿಂದಿನದು ಬಂದು ಕುಂಡೆಗೆ ಗುದ್ದುತ್ತೆ" ಎಂದ.

ಇಷ್ಟೆಲ್ಲ ಜೋಪಾನ ಮಾಡುವವನು ಮೈಲೇಜಿನ ವಿಷಯದಲ್ಲಿ ಮಾತ್ರ ಶುದ್ಧ ಸುಳ್ಳ. ಟೀ ಅಂಗಡಿಯಲ್ಲಿ ಯಾರಾದರೂ ಗಾಡಿ ತೋರಿಸಿ "ಎಷ್ಟು ಕೊಡುತ್ತೆ?" ಅಂದರೆ ಸಾಕು, ಮೀಸೆ ಸವರಿಕೊಂಡು "ಹದಿನಾರು" ಅನ್ನುತ್ತಿದ್ದ. ಇನ್ನೊಬ್ಬ ತನ್ನ ಗಾಡಿ ಹದಿನೇಳು ಅಂದರೆ ಇವನದು ಅಲ್ಲೇ ಕೂತಲ್ಲೇ ಹದಿನೆಂಟಕ್ಕೆ ಏರುತ್ತಿತ್ತು. "ಕಂಪ್ನಿಯೋರೇ ಅಷ್ಟು ಹೇಳಿಲ್ವಲ್ಲ ಮಾರಾಯ!" ಎಂದು ಅವರು ನಗುವರು. "ಕಂಪ್ನಿಯೋರಿಗೆ ಓಡ್ಸಕ್ಕೆ ಬರಲ್ಲ, ಮಾರಕ್ಕೆ ಮಾತ್ರ ಬರುತ್ತೆ" ಎಂದು ಇವನು ಟೀ ಹೀರುವನು.

ಇನ್ನು ಆ ದಿನದ ಕಥೆ. ನನ್ನ ಮಗಳನ್ನು ನೋಡಲು ಹೊಳೆಹೊನ್ನೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಗಂಡಿನ ತಂದೆ ಕಬ್ಬು, ಭತ್ತ ಬೆಳೆಯುವ ಹಿರಿಯರು. ಹೆಗಲ ಮೇಲೆ ಶಲ್ಯ, ಹಣೆಯಲ್ಲಿ ವಿಭೂತಿ. ಉಪ್ಪಿಟ್ಟು, ಕೇಸರಿಬಾತು ಆಗುವ ತನಕ ಅಂಗಳಕ್ಕೆ ಬಂದು ನಿಂತರು. ಅಂಗಳದಲ್ಲಿ ಪಿಕಪ್ ನಿಂತಿತ್ತು. ಅದರ ಆಚೆ ನುಗ್ಗೆ ಮರಕ್ಕೆ ನಮ್ಮ ಎಮ್ಮೆ ಕಟ್ಟಿತ್ತು. ಪಿಕಪ್ಪಣ್ಣ ಒಗೆದ ಬಿಳಿ ಅಂಗಿ ಹಾಕಿಕೊಂಡು, ಅವತ್ತು ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿ, ಹೆಣ್ಣಿನ ಸೋದರಮಾವನ ಗತ್ತಿನಲ್ಲಿ ಅವರ ಪಕ್ಕ ನಿಂತಿದ್ದ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ.

ಗಂಡಿನ ತಂದೆ ಎಮ್ಮೆಯ ಕಡೆ ಗದ್ದ ಎತ್ತಿ ಕೇಳಿದರು. "ಎಷ್ಟು ಕೊಡುತ್ತೆ?"

ಪಿಕಪ್ಪಣ್ಣನಿಗೆ ಪ್ರಪಂಚದಲ್ಲಿ ಕೊಡುವ ವಸ್ತು ಅಂದರೆ ಒಂದೇ. ಹದಿನಾರು ಅನ್ನುತ್ತಾನೆ ಅಂದುಕೊಂಡೆ.

"ಹದಿನಾಲ್ಕು" ಎಂದ.

"ಹದಿನಾಲ್ಕಾ!" ಹಿರಿಯರು ಬೆಚ್ಚಿದರು.

"ಸಂಬಂಧ ಬೆಳೆಸಕ್ಕೆ ಬಂದೋರ ಹತ್ರ ಸುಳ್ಳು ಹೇಳಬಾರ್ದು ಯಜಮಾನ್ರೇ. ಖಾಲಿ ಇದ್ರೆ ಹದಿನಾಲ್ಕು. ಹಿಂದೆ ಕಟ್ಟಿದ್ರೆ ಒಂಬತ್ತರ ಮೇಲೆ ಬರಲ್ಲ."

"ಅದು ಸರಿ ಬಿಡಿ, ಕರು ಅಂದ್ಮೇಲೆ ಅದಕ್ಕೂ ಬೇಕಲ್ಲ. ಮೇವು ಹೆಂಗೆ?"

"ದಿನಾ ಭದ್ರಾವತಿಗೆ ಹೋಗುತ್ತಲ್ಲ, ಅಲ್ಲೇ ಹಾಕಿಸ್ತೀನಿ."

"ಭದ್ರಾವತಿ ತನಕ ನಡೆಯುತ್ತಾ?"

"ನಡೆಯದೇನು, ಓಡುತ್ತೆ!"

ಹಿರಿಯರು ಎಮ್ಮೆಯನ್ನು ಹೊಸ ಭಕ್ತಿಯಿಂದ ನೋಡಿದರು. "ಎಷ್ಟನೇ ಸೂಲು?"

ಇಂಜಿನ್ನಿನ ಸದ್ದಿನಲ್ಲೇ ಕಿವಿ ಕಳೆದುಕೊಂಡವನಿಗೆ ಅದೇನು ಕೇಳಿಸಿತೋ. "ಎರಡನೇದು. ನಂಗಿಂತ ಮುಂಚೆ ಸಾಗರದೋರ ಹತ್ರ ಇತ್ತು. ಮುಂದಿನ ಎರಡು ಸವೆದಿದಾವೆ, ಹಿಂದಿನ ಎರಡು ಮೊನ್ನೆ ಹೊಸದಾಗಿ ಹಾಕಿಸ್ದೆ."

ಹಿರಿಯರು ಬಾಯಿ ತೆರೆದು ಎಮ್ಮೆಯ ಕೆಚ್ಚಲಿನ ಕಡೆ ಬಗ್ಗಿ ನೋಡಿದರು.

ನನಗೆ ನಗು ಉಕ್ಕಿ ಸೆರಗು ಬಾಯಿಗೆ ತುರುಕಿಕೊಂಡೆ. ತುರುಕಿಕೊಂಡಂತೆಯೇ ನಗು ನಿಂತುಹೋಯಿತು. ಹಿಂದೆ ಕಟ್ಟಿದರೆ ಒಂಬತ್ತು. ಹಾಗಾದರೆ ಇಷ್ಟು ವರ್ಷ ನನ್ನ ಮಿಷನ್ನು ಅವನ ಡೀಸೆಲ್ ಕುಡಿದಿದೆ, ಬೆಳಿಗ್ಗೆಯೂ ಸಂಜೆಯೂ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಆ ಮಾರಾಯ ಊರಿಗೆಲ್ಲ ಸುಳ್ಳು ಹೇಳಿ, ಹೆಣ್ಣು ನೋಡುವ ದಿನವೇ ನಿಜ ಹೇಳಿಬಿಟ್ಟಿದ್ದ.

ಒಳಗೆ ಬಂದ ಹಿರಿಯರು ಚಾಪೆಯ ಮೇಲೆ ಕೂತು, "ಹೆಣ್ಣು ನೋಡೋದು ಆಮೇಲೆ, ಅಂಥಾ ಎಮ್ಮೆ ಸಾಕಿರೋ ಮನೆ ಅಂದ್ರೆ ಲಕ್ಷ್ಮಿ ಇರೋ ಮನೆ" ಅಂದರು. ಸುಮ್ಮನಿದ್ದರೆ ಮದುವೆ ಅಲ್ಲೇ ಆಗಿಹೋಗುತ್ತಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಅದು ಗಾಡಿ ಲೆಕ್ಕ ಬೀಗರೇ. ನಮ್ಮ ಎಮ್ಮೆ ಎರಡು ಹೊತ್ತೂ ಸೇರಿ ನಾಲ್ಕು ಲೀಟರ್ರು, ಒದೆಯದೆ ಇದ್ರೆ" ಎಂದೆ. ಯಜಮಾನರು ನನ್ನನ್ನು ನುಂಗುವ ಹಾಗೆ ನೋಡಿದರು. ಅಷ್ಟರಲ್ಲಿ ತಲೆ ಬಗ್ಗಿಸಿ ಕೂರಬೇಕಿದ್ದ ನನ್ನ ಮಗಳು ಒಳಕೋಣೆಯಿಂದ ಕಿಸಕ್ಕನೆ ನಕ್ಕಳು. ಅದನ್ನು ಕೇಳಿ ಗಂಡು ನಕ್ಕ. ಹಿರಿಯರು ಪಿಕಪ್ಪಣ್ಣನ ಮುಖ ನೋಡಿದರು. "ಹಂಗಾದ್ರೆ ಮುಂದಿನ ಎರಡು ಸವೆದಿರೋದು..." ಎಂದು ಶುರು ಮಾಡಿದವರು ಮುಗಿಸಲಾಗಲಿಲ್ಲ. ನಕ್ಕು ನಕ್ಕು ಹೆಗಲ ಶಲ್ಯ ಕೇಸರಿಬಾತಿಗೆ ಬಿತ್ತು. ಸಂಬಂಧ ಕುದುರಿತು.

ಅವರನ್ನು ಕಳಿಸಿ ನಾನು ನೇರ ಬೇಲಿಯ ಹತ್ತಿರ ಹೋದೆ.

"ಅಣ್ಣ, ನಾಳೆಯಿಂದ ಮಿಷನ್ನು ಕಟ್ಟಬೇಡ."

"ಯಾಕೆ?"

"ಗೊತ್ತೇ ಆಗಲ್ಲ ಅಂದಿದ್ದೆಯಲ್ಲ. ಒಂಬತ್ತಕ್ಕೆ ಇಳಿಯುತ್ತಂತೆ."

"ಗಾಡಿಗೆ ಗೊತ್ತಾಗುತ್ತೆ. ನಂಗೆ ಗೊತ್ತಾಗಲ್ಲ ಅಂದಿದ್ದು."

"ಬೇಡ. ಇಲ್ಲೇ ಬೀದಿಲಿ ಇಟ್ಕೊಳ್ತೀವಿ."

"ಇಲ್ಲಿ ಯಾರು ಕುಡೀತಾರೆ, ನಿನ್ನ ಹದಿನಾಲ್ಕು ಲೀಟರ್ ಎಮ್ಮೆನಾ?"

ನಾನು ನಗಲಿಲ್ಲ. ಭದ್ರಾವತಿಯ ಜಾಗ ಬಿಟ್ಟರೆ ಒಲೆ ಹತ್ತುವುದಿಲ್ಲ, ಗೊತ್ತಾದ ಮದುವೆಯೂ ನಿಂತೀತು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ಒಬ್ಬ ಮನುಷ್ಯ ಅಷ್ಟೊಂದು ಜೋಪಾನದಿಂದ ಉಳಿಸಿದ್ದನ್ನು ನಾನು ದಿನಾ ಹೀರುವುದು ಹೇಗೆ? ಕಣ್ಣಲ್ಲಿ ನೀರು ಬಂತು. ಅವನು ಎಮ್ಮೆಯ ಕಡೆ ಗದ್ದ ಎತ್ತಿ ಹೇಳಿದ.

"ಕರು ಕುಡಿದ್ರೆ ಪಾತ್ರೆಗೆ ಹಾಲು ಕಮ್ಮಿ ಬೀಳುತ್ತೆ. ಹಂಗಂತ ಕರು ಬಿಟ್ಟು ಎಮ್ಮೆನ ಮಾತ್ರ ಮನೆಗೆ ಹೊಡ್ಕೊಂಡು ಬರ್ತಾರೇನೇ, ಮಾರಾಯ್ತಿ?"

ಮಾರನೆಯ ಬೆಳಿಗ್ಗೆ ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಕೊಕ್ಕೆ ಸಿಕ್ಕಿಸಿ, ಕೆಂಪು ಸೆರಗು ಕಟ್ಟಿ, ಹಾರ್ನ್ ಹೊಡೆಯುತ್ತಿದ್ದ. ಆಮೇಲೆ ಭದ್ರಾವತಿಯಲ್ಲೇ ನಮಗೊಂದು ಬಾಗಿಲಿರುವ ಅಂಗಡಿ ಆಗುವ ತನಕ ಹಾಗೇ ನಡೆಯಿತು. ಮಗಳ ಮದುವೆಗೆ ಪಾತ್ರೆಪಗಡ ಬಂದದ್ದೂ ಅದೇ ಗಾಡಿಯಲ್ಲಿ. ಬೀಗರು ಯಾವಾಗ ಬಂದರೂ ನಮಗಿಂತ ಮುಂಚೆ ಅವನನ್ನೇ ಮಾತಾಡಿಸುತ್ತಿದ್ದರು. "ಏನಪ್ಪಾ, ಎಮ್ಮೆ ಹೆಂಗಿದೆ?" "ಗಬ್ಬ ಕಟ್ಟಿದೆ ಯಜಮಾನ್ರೇ, ಇನ್ನೊಂದು ಪಿಕಪ್ ಹಾಕುತ್ತೆ" ಎನ್ನುತ್ತಿದ್ದ.

ಮಗಳಿಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ಬಸುರಿಯಾದಳು ಅನ್ನುವ ಹೊತ್ತಿಗೆ ಪಿಕಪ್ಪಣ್ಣ ಹಾಸಿಗೆ ಹಿಡಿದಿದ್ದ. ಹೇಳಲು ಹೋದೆ. ಮೈತುಂಬ ಕಂಬಳಿ, ಬಲಗಾಲು ಮಾತ್ರ ಹೊರಗೆ. ಎಷ್ಟು ಹೊದಿಸಿದರೂ ಹೊರಗೇ ಹಾಕುತ್ತಾರೆ ಎಂದು ಅವನ ಹೆಂಡತಿ, ನಮ್ಮ ಅತ್ತಿಗೆ, ದೂರು ಹೇಳಿದಳು. ಸುದ್ದಿ ಕೇಳಿ ಅವನ ಮುಖ ಟೀ ಅಂಗಡಿಯಲ್ಲಿ ಹದಿನೆಂಟು ಅಂದಾಗ ಅರಳಿದ ಹಾಗೆ ಅರಳಿತು.

"ಗೇರ್ ಇಳಿಸಿ ನಡಿ ಅಂತ ಹೇಳು ಅವಳಿಗೆ. ಈಗ ಖಾಲಿ ಅಲ್ಲ. ಹಿಂದೆ ಕಟ್ಟಿದೆ. ನಿಧಾನ, ನಿಧಾನ."

ಅದೇ ಕೊನೆಯ ಮಾತು. ಮಗು ಹುಟ್ಟುವ ಮುಂಚೆ ಹೋಗಿಬಿಟ್ಟ.

ನಾನು ಅವನಿಗೆ ಏನು ಕೊಟ್ಟೆ? ದೊಡ್ಡ ಗ್ಲಾಸಿನಲ್ಲಿ ಶುಂಠಿ, ನಿಂಬೆ ಹಾಕಿದ ಕಬ್ಬಿನಹಾಲು, ಅಷ್ಟೇ. ಬೇರೆ ಏನು ಕೊಡಲು ಹೋದರೂ ಗಾಡಿ ಸ್ಟಾರ್ಟ್ ಮಾಡಿಬಿಡುತ್ತಿದ್ದ.

ಇದನ್ನು ಬರೆಯುತ್ತಿರುವಾಗಲೇ ತೊಡೆಯ ಮೇಲಿನ ಪುಟ್ಟಿ ಎದ್ದಳು. ಬಟ್ಟೆಯಲ್ಲಿ ಎಷ್ಟು ಬಿಗಿಯಾಗಿ ಸುತ್ತಿದರೂ ಇವಳದೂ ಒಂದು ಕಾಲು ಹೊರಗೆ. ನೋಡಿದರೆ ಬಲಗಾಲು! ನನ್ನ ಹೆಬ್ಬೆರಳನ್ನು ಆ ಬೆಣ್ಣೆಯಂಥ ಅಂಗಾಲಿಗೆ ಒತ್ತಿದೆ. ಅವಳೂ ವಾಪಸು ಒತ್ತಿದಳು, ಕಂಡೂ ಕಾಣದ ಹಾಗೆ, ಮೆತ್ತಗೆ.

"ಹಾಂ, ಹಾಗೇ ಮಗಳೇ, ನಿಧಾನ" ಎಂದೆ. "ಹಿಂದೆ ನಾವೆಲ್ಲ ಇದೀವಿ."