ಚಂದ್ರಿಕೆಯಲ್ಲಿ ಓಡಿದ ರೈಲು

ಮಗಳು ಹಾಲ್‌ನಲ್ಲಿ ಆಟದ ರೈಲಿಗೆ ಹಳಿ ಜೋಡಿಸುತ್ತಿದ್ದಾಳೆ. ದೊಡ್ಡ ತಿರುವಿಗೆ ಜಾಗ ಸಾಲದೆಂದು ಸಣ್ಣ ತಿರುವನ್ನೇ ಆರಿಸಿದಳು. ಅಲ್ಲಿಗೆ ಬಂದಾಗಲೆಲ್ಲ ರೈಲು ಮಗುಚಿಕೊಳ್ಳುತ್ತಿದೆ. ಒಂದರೊಳಗೊಂದು ಬಿದ್ದಿದ್ದ ಆ ಬಾಗಿದ ಹಳಿಗಳನ್ನು ಕಂಡದ್ದೇ ತಡ, ನಾನು ಚಿಕ್ಕಂದಿನ ಮೇಲೂರಿನ ಅಜ್ಜಿಮನೆ ಅಂಗಳದಲ್ಲಿದ್ದೆ.

ಅಲ್ಲಿ ಅಜ್ಜಿಯದೇ ರಾಜ್ಯ. ರೇಷ್ಮೆಹುಳು ಸಾಕುವಾಗ ಮನೆಯಲ್ಲಿ ಒಗ್ಗರಣೆಯ ಘಾಟೂ ಏಳಬಾರದು. ಹುಳು ಗೂಡು ಕಟ್ಟಲೆಂದು ಚಾಪೆಯ ಮೇಲೆ ಬಿದಿರಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಮಾಡಿದ ಚಂದ್ರಿಕೆಯನ್ನು ಮಕ್ಕಳು ಮುಟ್ಟಿದರೆ ಕೈಗೆ ಏಟು. ಅಂದು ನಾನು ಬಿದಿರ ಸೀಳುಗಳನ್ನು ಬಗ್ಗಿಸಿಟ್ಟು, ಅವುಗಳ ನಡುವೆ ಕೀ ಕೊಡುವ ತಗಡಿನ ರೈಲು ಓಡಿಸುತ್ತಿದ್ದೆ. ತಿರುವಿನಲ್ಲಿ ಅದು ಬೀಳುತ್ತಲೇ ಇತ್ತು.

“ಅಷ್ಟೊಂದು ಬಗ್ಗಿಸಿದ್ರೆ ಬೀಳ್ದೆ ಇನ್ನೇನ್ ಮಾಡ್ತದಮ್ಮ?” ಅಂದ ಅಜ್ಜಿ, ಚಿಕ್ಕಪ್ಪನ ಕೈಯಿಂದ ಚಂದ್ರಿಕೆ ಕಿತ್ತುಕೊಂಡು ನನ್ನ ಮುಂದೆ ಹಾಸಿಬಿಟ್ಟಳು! ಏಟಿನ ಭಯಕ್ಕೆ ನಾನು ಕೈ ಹಿಂದಕ್ಕೆಳೆದುಕೊಂಡೆ.

“ಅಮ್ಮಾ, ಹುಳ ಹಣ್ಣಾಗವೆ! ಗೂಡಿಗೆ ಬಿಡೋ ಹೊತ್ತಲ್ಲಿ ಇದೇನಮ್ಮ?” ಚಿಕ್ಕಪ್ಪ ಕಿರುಚಿಕೊಂಡ.

“ಒಂದ್ ಸಲ ಓಡ್ಲಿ ಇರೋ.”

ಸುರುಳಿಯ ಹೊರಸುತ್ತಿಗೆ ರೈಲು ಬಿಟ್ಟಳು. ಅದು ಬೀಳಲೇ ಇಲ್ಲ. ಸುತ್ತಿ ಸುತ್ತಿ ಒಳಗೆ ಹೋಗಿ ನಡುವಲ್ಲಿ ಸಿಕ್ಕಿಕೊಂಡಿತು. ಅಳಲು ಬಾಯಿ ತೆರೆದೆ.

“ಗೂಡು ಕಟ್ತಾ ಐತೆ ಕಣೇ, ಮುಟ್ಟಬ್ಯಾಡ,” ಅಂದು ಅಜ್ಜಿ ಬಿದ್ದು ಬಿದ್ದು ನಕ್ಕಳು. ಹುಳು ಹಣ್ಣಾದ ದಿನ ಅವಳು ನಕ್ಕದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

“ಅಮ್ಮ, ಸೋಫಾ ಕೆಳಗೆ ಹೋಗಿ ಸಿಕ್ಕಾಕ್ಕೊಂಡಿದೆ!” ಈಗ ಮಗಳು ಕೂಗಿದಳು.

“ಗೂಡು ಕಟ್ತಾ ಐತೆ ಕಣೇ, ಮುಟ್ಟಬ್ಯಾಡ,” ಅಂದಿತು ನನ್ನ ಬಾಯಿ. ಮಗಳಿಗಿಂತ ಹೆಚ್ಚು ಬೆಚ್ಚಿದವಳು ನಾನು.